ಹೊಸ ಉಪ್ಪುನೀರಿನ ಟ್ಯಾಂಕ್: 12 ದಿನಕ್ಕೇ ಕ್ಲೌನ್ ಮೀನು ಮೇಲೆ ಬಂದು ಉಸಿರಾಡ್ತಿವೆ

ಬೆಂಗಳೂರಿನಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಎಂಟು ವರ್ಷದಿಂದ ಗಪ್ಪಿ, ಏಂಜೆಲ್‌ನಂಥ ಸಿಹಿನೀರಿನ ಮೀನು ಸಾಕಿದ್ದೇನೆ. ಉಪ್ಪುನೀರು ಇದೇ ಮೊದಲು. ಎರಡೂವರೆ ಅಡಿ ಟ್ಯಾಂಕ್, ನೀರು ಸುಮಾರು 100 ಲೀಟರ್. ಅಕ್ವೇರಿಯಂಗೆಂದೇ ಬರುವ ಪ್ಯಾಕೆಟ್ ಉಪ್ಪು, ಮನೆಯ ಆರ್‌ಒ ನೀರು, ಒಣ ಕಲ್ಲು, ಮರಳು. ಮೂರು ದಿನ ನೀರು ಓಡಿಸಿ ಮೀನು ಬಿಡಿ ಅಂತ ಅಂಗಡಿಯಲ್ಲಿ ಹೇಳಿದರು. ಹಾಗೇ ಮಾಡಿ ಎರಡು ಕ್ಲೌನ್ ಬಿಟ್ಟೆ.

ಟ್ಯಾಂಕ್ ಇಟ್ಟು ಇವತ್ತಿಗೆ 12 ದಿನ. ನಿನ್ನೆಯಿಂದ ಎರಡೂ ಮೇಲೆಯೇ ಇವೆ, ಕಿವಿರು ಪಟಪಟ ಬಡಿಯುತ್ತಿದೆ, ಊಟ ಮುಟ್ಟುತ್ತಿಲ್ಲ. ಮರಳಿನ ಮೇಲೆ ಕಂದು ಪದರ ಬೇರೆ ಕೂತಿದೆ. ಅಮೋನಿಯಾ 1 ಪಿಪಿಎಂ, ನೈಟ್ರೈಟ್ 0.5, ಪಿಎಚ್ 8.2. ಮಗಳು ಟ್ಯಾಂಕ್ ಮುಂದೆಯೇ ಕೂತಿದ್ದಾಳೆ. ದಯವಿಟ್ಟು ಹೇಳಿ, ಏನು ಮಾಡಲಿ?

ಮೈಸೂರಿನಿಂದ

ಮೊದಲು ಊಟ ನಿಲ್ಲಿಸಿ, ಏರ್ ಪಂಪ್ ಹಾಕಿ. ಈಗಲೇ. ಆಮೇಲೆ ಮೂರು ವಿಷಯ ತಿಳಿಸಿ. ಉಪ್ಪಿನ ಅಳತೆ ಈಗ ಎಷ್ಟಿದೆ? ಆವಿಯಾದ ನೀರಿನ ಜಾಗಕ್ಕೆ ಏನು ತುಂಬಿಸ್ತಿದ್ದೀರಿ? ಆರ್‌ಒ ನೀರಿನ ಟಿಡಿಎಸ್, ಅಂದರೆ ಅದರಲ್ಲಿ ಕರಗಿರುವ ಲವಣಗಳ ಅಳತೆ ಎಷ್ಟು?

ಬೆಂಗಳೂರಿನಿಂದ

ಏರ್ ಪಂಪ್ ಹಾಕಿದೆ ಸರ್. ಉಪ್ಪಿನ ಅಳತೆ (ಸಿಹಿನೀರನ್ನು 1 ಅಂತಿಟ್ಟುಕೊಂಡರೆ ಈ ನೀರಿನ ತೂಕ) ಶುರುವಿನಲ್ಲಿ 1.025 ಇತ್ತು. ಈಗ ನೋಡಿದರೆ 1.030! ಫ್ಯಾನ್ ಗಾಳಿಗೆ ದಿನಕ್ಕೆ ಒಂದೂವರೆ ಲೀಟರ್ ಇಳಿಯುತ್ತೆ. ಅದಕ್ಕೆ ಡ್ರಮ್‌ನಲ್ಲಿ ಕಲಸಿಟ್ಟ ಉಪ್ಪುನೀರೇ ಹಾಕ್ತಿದ್ದೆ. ಟಿಡಿಎಸ್ 85.

ಮೈಸೂರಿನಿಂದ

ಸಿಕ್ಕಿತು ನೋಡಿ. ಸಾರು ಬತ್ತಿದರೆ ಉಪ್ಪು ಜಾಸ್ತಿ ಆಗುತ್ತೆ ಅಲ್ವಾ, ಇದೂ ಹಾಗೇ. ಆವಿಯಾಗುವುದು ಬರೀ ನೀರು, ಉಪ್ಪು ಅಲ್ಲೇ ಉಳಿಯುತ್ತೆ. 12 ದಿನಕ್ಕೆ 18 ಲೀಟರ್, ಲೀಟರ್‌ಗೆ ಸುಮಾರು 35 ಗ್ರಾಂ. ಅಂದರೆ 630 ಗ್ರಾಂ ಉಪ್ಪು ಹೆಚ್ಚಾಗಿ ಒಳಗೆ ಹೋಗಿದೆ. ಇನ್ನು ಮುಂದೆ ಇಳಿದಷ್ಟಕ್ಕೂ ಸಿಹಿನೀರು ಮಾತ್ರ. ಗಾಜಿನ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆದುಕೊಳ್ಳಿ, ದಿನಾ ಆ ಗೆರೆವರೆಗೆ ತುಂಬಿಸಿ.

ಆದರೆ ಮೀನಿಗೆ ಈಗ ಹೆಚ್ಚು ಕಾಟ ಕೊಡುತ್ತಿರುವುದು ಅವೇ ಹೊರಹಾಕುವ ಅಮೋನಿಯಾ. ಅದನ್ನು ನೈಟ್ರೈಟ್ ಮಾಡುವ, ನೈಟ್ರೈಟನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಒಣ ಕಲ್ಲಿನಲ್ಲಿ ನೆಲೆಯಾಗಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಮೂರು ದಿನ ಏನೇನೂ ಸಾಲದು. ಪಿಎಚ್ ಏರಿದಷ್ಟೂ ಅಮೋನಿಯಾದ ವಿಷ ಏರುತ್ತೆ. ನಿಮ್ಮ ಗಪ್ಪಿ ಟ್ಯಾಂಕ್‌ನಲ್ಲಿ ತಡೆದುಕೊಳ್ಳುತ್ತಿದ್ದ ಅಳತೆ 8.2ರಲ್ಲಿ ಮೀನು ಕೊಲ್ಲಬಹುದು. ನೈಟ್ರೈಟ್ ಬಗ್ಗೆ ಅಷ್ಟು ಹೆದರಬೇಡಿ. ಉಪ್ಪುನೀರಿನಲ್ಲಿರುವ ಕ್ಲೋರೈಡ್ ಅದರ ಪೆಟ್ಟನ್ನು ತಗ್ಗಿಸುತ್ತೆ.

ಉಪ್ಪು, ಅಮೋನಿಯಾ ಎರಡಕ್ಕೂ ಒಂದೇ ಮದ್ದು ಇದೆ. ಇವತ್ತು 25 ಲೀಟರ್ ತೆಗೆದು, 1.026ಕ್ಕೆ ಕಲಸಿದ ಹೊಸ ನೀರು ಹಾಕಿ. ಅಮೋನಿಯಾ ಕಾಲು ಭಾಗ ಇಳಿಯುತ್ತೆ, ಉಪ್ಪು 1.029ಕ್ಕೆ ಬರುತ್ತೆ. ನಾಳೆ 1.025ರ ನೀರು, 25 ಲೀಟರ್. ನಾಳಿದ್ದೂ ಹಾಗೇ. ದಿನಕ್ಕೆ 0.001 ಇಳಿದರೆ ಸಾಕು, ಒಂದೇ ಏಟಿಗೆ ಇಳಿಸಬೇಡಿ. 25 ಲೀಟರ್‌ಗೆ ಸುಮಾರು 900 ಗ್ರಾಂ ಉಪ್ಪು ಬೇಕಾಗುತ್ತೆ, ಅಳೆದು ಸರಿಮಾಡಿ. ಬಕೆಟ್‌ನಲ್ಲಿ ಸಣ್ಣ ಪಂಪ್ ಇಟ್ಟು ಪೂರ್ತಿ ಕರಗಿಸಿ. ಮೀನಿರುವ ಟ್ಯಾಂಕ್‌ಗೆ ಉಪ್ಪು ನೇರವಾಗಿ ಸುರಿಯಲೇಬೇಡಿ.

ಟಿಡಿಎಸ್ 85 ಇದೆ ಅಂದರೆ ನಿಮ್ಮ ಆರ್‌ಒದಲ್ಲಿ ರುಚಿಗೆಂದು ಸ್ವಲ್ಪ ಶುದ್ಧ ಮಾಡದ ನೀರು ಬೆರೆಸುವ ತಿರುಪು ಇರಬಹುದು. ಕುಡಿಯಲು ಅದು ಸರಿ, ಟ್ಯಾಂಕ್‌ಗೆ ಬೇಡ. ಸರ್ವಿಸ್‌ನವರಿಗೆ ಹೇಳಿ, ಬೆರೆಸುವ ಮೊದಲೇ ಬೇರೆ ನಲ್ಲಿ ಹಾಕಿಸಿಕೊಳ್ಳಿ. ಕಂದು ಪದರ ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ಹೊಸ ಟ್ಯಾಂಕ್‌ನಲ್ಲಿ ಬರುವುದೇ, ತಾನಾಗಿ ಹೋಗುತ್ತೆ.

ಮಂಗಳೂರಿನಿಂದ

ಒಂದು ಮಾತು ಸೇರಿಸುತ್ತೇನೆ. ಫ್ಯಾನ್ ನಿಲ್ಲಿಸಬೇಡಿ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. 24ರಿಂದ 27 ಡಿಗ್ರಿ ಒಳಗೇ ಇರಲಿ. ನಮ್ಮೂರ ಏಪ್ರಿಲ್‌ನಲ್ಲಿ ಫ್ಯಾನ್ ಇಲ್ಲದೆ ಟ್ಯಾಂಕ್ ಉಳಿಸಿಕೊಳ್ಳುವುದೇ ಕಷ್ಟ. ಸಮುದ್ರದ ನೀರೇ ತರಬಹುದಲ್ಲ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಸಮುದ್ರದ ಪಕ್ಕದಲ್ಲೇ ಇದ್ದರೂ ನಾನು ಪ್ಯಾಕೆಟ್ ಉಪ್ಪನ್ನೇ ಕಲಸುತ್ತೇನೆ. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ನದಿಗಳು ಸೇರುವ ಕಡೆ ದಡದ ನೀರಿಗೆ ಉಪ್ಪೂ ಇರಲ್ಲ, ಬರೀ ಕೆಸರು.

ಬೆಂಗಳೂರಿನಿಂದ, ಐದು ವಾರದ ನಂತರ

ಎರಡೂ ಉಳಿದಿವೆ ಸರ್! ಮೂರನೇ ದಿನ ಸಂಜೆ ದೊಡ್ಡದು ಕೆಳಗಿಳಿದು ಊಟ ಎತ್ತಿಕೊಂಡಿತು. ಆ ರಾತ್ರಿ ಮನೆಯವರೆಲ್ಲ ನೆಮ್ಮದಿಯಾಗಿ ಮಲಗಿದೆವು. ಹತ್ತು ದಿನದಿಂದ ಅಮೋನಿಯಾ 0, ನೈಟ್ರೈಟ್ 0. ನೈಟ್ರೇಟ್ 10, ಉಪ್ಪು 1.025. ಹೊಸ ನಲ್ಲಿಯ ನೀರಿನ ಟಿಡಿಎಸ್ 6. ಗೆರೆವರೆಗೆ ಸಿಹಿನೀರು ತುಂಬಿಸುವ ಕೆಲಸ ಈಗ ಮಗಳದ್ದು. ಅವಳಿಗೆ ಹವಳ ಬೇಕಂತೆ, ತರಬಹುದಾ?

ಮೈಸೂರಿನಿಂದ

ತುಂಬಾ ಖುಷಿಯಾಯಿತು. ಹವಳ ಬೇಡ. ನಮ್ಮ ಕಡಲಿನ ಗಟ್ಟಿ ಹವಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ತೆಗೆಯುವುದೂ ತಪ್ಪು, ಮಾರುವುದೂ ತಪ್ಪು. ಒಂದು ತಿಂಗಳು ಹೀಗೇ ನಡೆಯಲಿ, ಆಮೇಲೆ ಪಾಚಿ ತಿನ್ನುವ ಎರಡು ಬಸವನಹುಳು ತನ್ನಿ. ಮಗಳಿಗೆ ಅವೂ ಇಷ್ಟವಾಗುತ್ತವೆ.