18 ಕಿ.ಮೀ. ವೈರ್‌ಲೆಸ್ ಲಿಂಕ್‌ಗೆ ನಡುವಿನ ಮರಗಳೇ ತಲೆನೋವು, ಸಹಾಯ ಬೇಕು

ಎರಡು ಗುಡ್ಡಗಳ ನಡುವೆ 5.8 ಗಿಗಾಹರ್ಟ್ಸ್‌ನಲ್ಲಿ ಪಾಯಿಂಟ್ ಟು ಪಾಯಿಂಟ್ ಲಿಂಕ್ ಹಾಕಬೇಕು ಅಂತಿದ್ದೇನೆ. ಬೈನಾಕ್ಯುಲರ್‌ನಲ್ಲಿ ಆಚೆ ಕಡೆಯ ಕಂಬ ಚೆನ್ನಾಗಿ ಕಾಣುತ್ತದೆ, ಇನ್ನೇನು ಕೆಲಸ ಆಯ್ತು ಅಂದುಕೊಂಡಿದ್ದೆ. ಆದರೆ ಲೆಕ್ಕ ಹಾಕಿದರೆ ನಡುಮಧ್ಯದಲ್ಲಿ ಫ್ರೆನೆಲ್ ವಲಯದ (ನೇರ ದೃಷ್ಟಿರೇಖೆಯ ಸುತ್ತ ರೇಡಿಯೋ ಅಲೆಗಳು ಹರಡಿಕೊಳ್ಳುವ ಜಾಗ) ತ್ರಿಜ್ಯವೇ ಸುಮಾರು 15 ಮೀಟರ್, ಅದರಲ್ಲಿ ಶೇ. 60ರಷ್ಟಾದರೂ ಖಾಲಿ ಇರಬೇಕು ಅಂದರೆ 9 ಮೀಟರ್, ಅದರ ಮೇಲೆ ಭೂಮಿ ದುಂಡಗಿರುವುದರಿಂದ ಬರುವ ಉಬ್ಬಿಗೆ ಇನ್ನೊಂದು 5 ಮೀಟರ್. ಸರಿಯಾಗಿ ಅಲ್ಲೇ ಒಂದು ತೋಪಿದೆ, ಮರಗಳು ಇನ್ನೂ ಬೆಳೆಯುತ್ತಿವೆ (ಕಡಿಸುವ ಮಾತೇ ಇಲ್ಲ). ಫ್ರೀ ಸ್ಪೇಸ್ ಲಾಸ್ (ಅಡ್ಡಿ ಇಲ್ಲದಿದ್ದರೂ ದೂರಕ್ಕೇ ಆಗುವ ಸಿಗ್ನಲ್ ನಷ್ಟ) 133 ಡಿಬಿ, ಎರಡೂ ಕಡೆ 30 ಡಿಬಿಐ ಗೇನ್ ಇರುವ ಡಿಶ್ ಆಂಟೆನಾ ಇದೆ, ಅದರ ಚಿಂತೆ ಇಲ್ಲ.

ಒಂದೇ ಕಡೆ ಟವರ್ 10 ಮೀಟರ್ ಏರಿಸಿದರೆ ನಡುವೆ ಸಿಗೋದು 5 ಮೀಟರ್ ಮಾತ್ರ ಅಲ್ವಾ? ಎರಡೂ ಕಡೆ ಏರಿಸಲೋ, ಮಧ್ಯೆ ರಿಪೀಟರ್ (ಸಿಗ್ನಲ್ ಪಡೆದು ಮುಂದಕ್ಕೆ ಕಳಿಸುವ ಸಾಧನ) ಇಡಲೋ? ಇಂಥ ಲಿಂಕ್ ಹಾಕಿದವರು ದಯವಿಟ್ಟು ಹೇಳಿ.