ಸ್ಕಿಲ್ ಪಾಯಿಂಟ್ ಹೇಗೆ ಹಂಚ್ತೀರಿ? ಆಡಿಸಿದವರು ಅನುಭವ ಹೇಳಿ

ಹೇಮಾವತಿ ದಂಡೆ (ಹಾಸನ):
ನಮ್ಮದೇ ಒಂದು ಆರ್‌ಪಿಜಿ (ಟೇಬಲ್ ಸುತ್ತ ಕೂತು, ಒಂದೊಂದು ಪಾತ್ರ ವಹಿಸಿ, ದಾಳ ಉರುಳಿಸಿ ಆಡೋ ಆಟ) ಬರೀತಿದೀನಿ. ಪಾಳೆಯಗಾರರ ಕಾಲದ ಮಲೆನಾಡು, ಒಟ್ಟು 24 ಸ್ಕಿಲ್, ಆಡೋರು ಐದು ಜನ. ಸ್ಕಿಲ್ ಕೊಳ್ಳೋಕೆ ಶುರುವಿಗೆ ಎಷ್ಟು ಪಾಯಿಂಟ್ ಕೊಡ್ಬೇಕು? ಮೇಲೆ ಹೋಗ್ತಾ ರೇಟ್ ಏರಿಸ್ಬೇಕಾ, ಒಂದೇ ರೇಟ್ ಸಾಕಾ? ಮಿತಿ ಬೇಕಾ? ದಯವಿಟ್ಟು ಹೇಳಿ.

ಗಿರಿ ಫೈಟರ್ (ಚಿಕ್ಕಮಗಳೂರು):
ಸ್ಕಿಲ್ ಪಾಯಿಂಟ್ ಅಂದ್ರೆ ನನಗೆ ಈಗಲೂ ಮೈ ಉರಿಯುತ್ತೆ. ನಾವು ಆಡಿದ್ದು ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್) ಆಟದ 3.5 ಆವೃತ್ತಿ. ನಂದು ಡ್ವಾರ್ಫ್ (ಕುಳ್ಳರ ಕುಲ) ಫೈಟರ್, ಅಂದ್ರೆ ಕಾದಾಡೋನು, ಇಂಟೆಲಿಜೆನ್ಸ್ 10. ಲೆವೆಲ್‌ಗೆ 2 ಪಾಯಿಂಟ್, ಮೊದಲ ಲೆವೆಲ್‌ಗೆ ಅದರ ನಾಲ್ಕರಷ್ಟು, ಅಂದ್ರೆ 8. ಪಕ್ಕದಲ್ಲಿ ಕೂತ ರೋಗ್ (ಕಳ್ಳನ ಪಾತ್ರ), ಅದೂ ಡ್ವಾರ್ಫೇ, ಇಂಟೆಲಿಜೆನ್ಸ್ 14. ಅವನಿಗೆ 40! ನನ್ನ ಪಾತ್ರ ಕೋಟೆ ಕಾವಲುಗಾರ. ಕಾವಲುಗಾರನಿಗೆ ಕಣ್ಣು ಚುರುಕಿರಬಾರದಾ? ಇರಬಾರದಂತೆ. ಸ್ಪಾಟ್, ಅಂದ್ರೆ ಕಣ್ಣಲ್ಲಿ ಗುರುತಿಸೋ ಸ್ಕಿಲ್, ಫೈಟರ್‌ಗೆ ಕ್ಲಾಸ್ ಸ್ಕಿಲ್ (ಅವನ ಕಸುಬಿನದು) ಅಲ್ಲ, ಒಂದು ರ‍್ಯಾಂಕಿಗೆ 2 ಪಾಯಿಂಟ್ ತೆರಬೇಕು, ಮೊದಲ ಲೆವೆಲ್‌ಗೆ 2 ರ‍್ಯಾಂಕ್ ದಾಟಂಗಿಲ್ಲ. ಅಲ್ಲಿಗೆ 4 ಹೋಯ್ತು. ಉಳಿದ 4 ಕ್ಲೈಂಬ್‌ಗೆ ಹಾಕಿದೆ, ಬಲದ್ದು +3 ಸೇರಿ 7. ಚೈನ್‌ಮೇಲ್ ಕವಚಕ್ಕೆ −5, ದೊಡ್ಡ ಗುರಾಣಿಗೆ −2. ಮಿಕ್ಕಿದ್ದು ಸೊನ್ನೆ. ಗೋಡೆ ಹತ್ತೋಕೆ ಹೋಗಿ ಕಂದಕಕ್ಕೆ ಬಿದ್ದೆ, ರೋಗ್ ಮೇಲೆ ನಿಂತು ನಗ್ತಿದ್ದ.

ಖರ್ಚು ಬೇರೆ. ಲೆವೆಲ್ ಏರಿದಾಗಲೆಲ್ಲ ಅಳಿಸಿ ಬರೆದು ಪಾತ್ರದ ವಿವರದ ಶೀಟ್ ತೂತಾಗೋದು. ಎರಡೂ ಕಡೆ ಜೆರಾಕ್ಸ್ 4 ರೂಪಾಯಿ. ಮಾರ್ಕರಲ್ಲಿ ಬರೆಯೋಣ ಅಂತ 30 ಕೊಟ್ಟು ಲ್ಯಾಮಿನೇಟ್ ಮಾಡಿಸಿದ್ರೆ ಮಳೆಗಾಲದಲ್ಲಿ ಒಳಗೇ ಬೂಸ್ಟು.

ಮಂಜರಾಬಾದ್ ಮಳೆ (ಸಕಲೇಶಪುರ):
ಪಾಯಿಂಟ್ ಕೊಟ್ರೆ ತಾನೇ ಜಗಳ? ಕೊಡಲೇಬೇಡಿ. ಬಳಸಿದ ಸ್ಕಿಲ್ ತಾನಾಗಿ ಬೆಳೆಯುತ್ತೆ ಅನ್ನೋ ದಾರೀನ ರೂನ್‌ಕ್ವೆಸ್ಟ್ ಅನ್ನೋ ಆಟ 1978ರಲ್ಲೇ ಹಾಕಿಕೊಟ್ಟಿದೆ. ನಾವು ಕಾಲ್ ಆಫ್ ಕ್ತುಲುವಿನ ಏಳನೇ ಆವೃತ್ತಿ ಆಡೋದು. ಸ್ಕಿಲ್ ಗೆದ್ರೆ ಪಕ್ಕದಲ್ಲಿ ಟಿಕ್. ಆಮೇಲೆ ಶೇಕಡಾ ದಾಳ (ಹತ್ತು ಮುಖದ ಜೋಡಿ, 1ರಿಂದ 100) ಉರುಳಿಸಿ, ಈಗಿರೋ ಅಂಕಕ್ಕಿಂತ ಮೇಲೆ ಬಿದ್ರೆ ಹತ್ತು ಮುಖದ ದಾಳದಷ್ಟು ಏರುತ್ತೆ. 30 ಇದ್ದವನಿಗೆ ಏರೋ ಸಾಧ್ಯತೆ 70%, 90 ಇದ್ದವನಿಗೆ ಹತ್ತರ ಆಸುಪಾಸು. ರೇಟ್ ಏರಿಸ್ಬೇಕಾ ಅನ್ನೋ ಪ್ರಶ್ನೇನೇ ಇಲ್ಲ, ದಾಳಾನೇ ಏರಿಸುತ್ತೆ.

ಆ ಹತ್ತು ಮುಖದ ಜೋಡಿಗೆ ನಾನು ಪಟ್ಟ ಪಾಡು ಕೇಳಿ. 650 ರೂಪಾಯಿ. ಮಂಗಳೂರಿನ ಗೆಳೆಯ ಬಸ್ಸಿಗೆ ಹಾಕಿದ, ಶಿರಾಡಿಯಲ್ಲಿ ಗುಡ್ಡ ಜರಿದು ರಸ್ತೆ ಬಂದ್. ಕೊನೆಗೆ ಚಾರ್ಮಾಡಿ ಸುತ್ತಿ ಬಂತು, ಡಬ್ಬಿ ಒಡೆದಿತ್ತು, ದಾಳ ಒಂದೇ ಇತ್ತು. ಬಸ್ಸಿನವರು ಪಾರ್ಸೆಲ್‌ಗೆ ತಗೊಂಡ 80 ವಾಪಸ್ ಕೊಡಲಿಲ್ಲ.

ಗಿರಿ ಫೈಟರ್:
ನಿಮ್ಮ ಟಿಕ್ ಆಟ ನೋಡಿದೀನಿ ಮಾರಾಯ್ರೆ. ಕಂಡ ಬಾಗಿಲಿಗೆಲ್ಲ ಐದೂ ಜನ ಕಿವಿ ಇಟ್ಕೊಂಡು ನಿಲ್ತಾರೆ, ಟಿಕ್ ಬೀಳ್ಲಿ ಅಂತ. ಪಾಯಿಖಾನೆ ಬಾಗಿಲನ್ನೂ ಬಿಡಲಿಲ್ಲ.

ಮಂಜರಾಬಾದ್ ಮಳೆ:
ಅದು ಜಿಎಂ (ಆಟ ನಡೆಸೋನು) ಕೈಲಾಗದವನಾದ್ರೆ. ಜಿಎಂ ಕೇಳಿದ ರೋಲ್‌ಗೆ ಮಾತ್ರ ಟಿಕ್ ಅಂದ್ರೆ ಮುಗೀತು.

ಬೇಲೂರು ಚುಕ್ಕಿ:
ದಂಡೆ ಅವರೇ, ರೇಟ್ ವಿಷಯಕ್ಕೆ ಹುಷಾರು. 1991ರ ವ್ಯಾಂಪೈರ್ ದಿ ಮಾಸ್ಕರೇಡ್ ಅನ್ನೋ ಆಟದಿಂದ ಎತ್ತಿಕೊಂಡ ಲೆಕ್ಕದಲ್ಲೇ ನಮ್ಮ ಜಿಎಂ ಒಂದು ಆಟ ಕಟ್ಟಿದ್ರು. ಪಾತ್ರ ತಯಾರಿಸುವಾಗ ಸ್ಕಿಲ್‌ನ ಪ್ರತಿ ಚುಕ್ಕಿಗೂ (ಒಂದು ಚುಕ್ಕಿ ಅಂದ್ರೆ ಒಂದು ಮಟ್ಟ) ಒಂದೇ ಬೆಲೆ. ಆಟ ಶುರುವಾದ ಮೇಲೆ ಹೊಸ ಸ್ಕಿಲ್‌ಗೆ 3 ಅನುಭವದ ಪಾಯಿಂಟ್, ಇರೋದನ್ನ ಏರಿಸೋಕೆ ಈಗಿನ ಚುಕ್ಕಿಯ ಎರಡರಷ್ಟು. ಮೂಲದಲ್ಲಿರೋ ಶುರುವಿನ ಮಿತಿಯನ್ನೂ ತೆಗೆದು ಹಾಕಿದ್ರು.

ನಾನು ಊರ ಸೂಲಗಿತ್ತಿ ಪಾತ್ರ ಮಾಡ್ದೆ. ಎಲ್ಲಾ ಸ್ವಲ್ಪ ಸ್ವಲ್ಪ ಗೊತ್ತಿರಲಿ ಅಂತ ಐದು ಸ್ಕಿಲ್‌ಗೆ ಒಂದೊಂದು ಚುಕ್ಕಿ. ಪಕ್ಕದವನು ಐದೂ ಚುಕ್ಕಿ ಕತ್ತಿವರಸೆಗೆ ಸುರಿದ. ಒಂದರಲ್ಲಿ ಐದು, ನಾಲ್ಕರಲ್ಲಿ ಒಂದೊಂದು, ಇಬ್ಬರೂ ಅಲ್ಲಿಗೆ ಮುಟ್ಟಬೇಕು ಅಂದ್ಕೊಳ್ಳಿ. ಅವನಿಗೆ ನಾಲ್ಕು ಮೂರ್ಲೆ 12. ನನಗೆ 2, 4, 6, 8 ಕೂಡಿಸಿ 20. ಪಾತ್ರಕ್ಕೆ ಒಪ್ಪೋ ಹಾಗೆ ಹಂಚಿದ್ದಕ್ಕೆ 8 ಅನುಭವ ದಂಡ! ಕೇಳಿದ್ರೆ ಜಿಎಂ, "ನೀವು ರೂಲ್ಸ್ ಸರಿಯಾಗಿ ಓದಬೇಕಿತ್ತು ಮೇಡಂ" ಅಂದ್ರು. ಆ ಟೇಬಲ್ ಬಿಟ್ಟೆ.

ಗರ್ಪ್ಸ್ ಅನ್ನೋ ಆಟದ ನಾಲ್ಕನೇ ಆವೃತ್ತಿ ನೋಡಿ. ಸ್ಕಿಲ್ ಒಂದೊಂದು ಮಟ್ಟ ಏರಿದ ಹಾಗೆ ಒಟ್ಟು ಬೆಲೆ 1, 2, 4, 8, 12, 16. ಪಾತ್ರ ತಯಾರಿಸುವಾಗಲೂ ಅದೇ ಪಟ್ಟಿ, ಆಮೇಲೂ ಅದೇ. ರೇಟ್ ಏರಲಿ, ಆದ್ರೆ ಎರಡು ಕಡೆ ಎರಡು ರೇಟ್ ಇಡಬೇಡಿ.

5ಇ ಸಾಕು (ಹಾಸನ):
ಇದಕ್ಕೇ ನಾನು ಹೇಳೋದು, ಕೂಡು ಕಳೆ ಯಾಕೆ ಗುರು? 2014ರ ಡಿ ಅಂಡ್ ಡಿ ಐದನೇ ಆವೃತ್ತಿಯಲ್ಲಿ (5ಇ) ಪಾಯಿಂಟೇ ಇಲ್ಲ. ಕಲಿತಿದ್ರೆ ಪ್ರಾವೀಣ್ಯದ ಬೋನಸ್, ಮೊದಲ ಲೆವೆಲ್‌ಗೆ +2, ಹದಿನೇಳನೇದಕ್ಕೆ +6. ಶೀಟ್ ಹತ್ತೇ ನಿಮಿಷದ ಕೆಲಸ.

ಬೇಲೂರು ಚುಕ್ಕಿ:
ಹೌದು, ಹತ್ತೇ ನಿಮಿಷ. ಆಮೇಲೆ ಇಪ್ಪತ್ತನೇ ಲೆವೆಲ್‌ವರೆಗೂ ಕಲಿತವರೆಲ್ಲ ಒಂದೇ ಅಚ್ಚು.

5ಇ ಸಾಕು:
ಹತ್ತು ವರ್ಷ ಅದನ್ನೇ ಆಡಿಸಿದೀನಿ, ನನ್ನ ಟೇಬಲ್ ಒಡೆದಿಲ್ಲ. ನಿಮ್ಮದು?

ಬೇಲೂರು ಚುಕ್ಕಿ:
ಒಡೆಯೋಕೆ ಟೇಬಲ್‌ನಲ್ಲಿ ಜನ ಇರಬೇಕಲ್ಲ. ತಮ್ಮ, ಮಗ, ಭಾಮೈದ. ಎದ್ದು ಎಲ್ಲಿಗೆ ಹೋಗ್ತಾರೆ ಪಾಪ?

ಹೇಮಾವತಿ ದಂಡೆ:
ಎಲ್ರಿಗೂ ಥ್ಯಾಂಕ್ಸ್. 24 ಸ್ಕಿಲ್‌ಗೆ ಶುರುವಿನ ಪಾಯಿಂಟ್ ಎಷ್ಟು ಅಂತ ಯಾರಾದ್ರೂ…

ಗಿರಿ ಫೈಟರ್:
24ರಲ್ಲಿ ನೋಡೋದು, ಕೇಳೋದು, ಹುಡುಕೋದು ಬೇರೆ ಬೇರೆ ಇಟ್ಟಿದೀರಾ? ಮೊದಲು ಒಂದು ಮಾಡಿ. 3.5ರಲ್ಲಿ ಅಡಗೋದು ಒಂದು ಸ್ಕಿಲ್, ಸದ್ದಿಲ್ದೆ ನಡೆಯೋದು ಇನ್ನೊಂದು. ಎರಡಕ್ಕೂ ಪಾಯಿಂಟ್ ಹಾಕಿ ಎರಡೂ ರೋಲ್ ಗೆಲ್ಲಬೇಕು. ಒಂದೊಂದು 50% ಅಂದ್ರೂ ಕೊನೆಗೆ ಉಳಿಯೋದು 25. 2009ರಲ್ಲಿ ಪಾತ್‌ಫೈಂಡರ್ ಅನ್ನೋ ಆಟ ಬಂದು ಎರಡನ್ನೂ ಸ್ಟೆಲ್ತ್ ಅಂತ ಒಂದೇ ಸ್ಕಿಲ್ ಮಾಡಿತು. ಮೊದಲ ಲೆವೆಲ್‌ನ ನಾಲ್ಕರಷ್ಟೂ ಹೋಯ್ತು, ಕ್ಲಾಸ್ ಸ್ಕಿಲ್‌ಗೆ +3, ಬೇರೆ ಸ್ಕಿಲ್‌ಗೂ ಒಂದು ಪಾಯಿಂಟಿಗೆ ಒಂದು ರ‍್ಯಾಂಕ್. ಫೈಟರ್‌ಗೆ ಮಾತ್ರ ಅದೇ 2! ಆ ಪುಸ್ತಕ ನನ್ನ ಹತ್ರ ಇತ್ತು, ಸಕಲೇಶಪುರದವರೊಬ್ಬರು ಓದಿ ಕೊಡ್ತೀನಿ ಅಂತ ಒಯ್ದವರು ವಾಪಸ್ ಕೊಟ್ಟಿಲ್ಲ.

ಮಂಜರಾಬಾದ್ ಮಳೆ:
ನನ್ನ ಹೆಸರೇ ಹೇಳಿ ಪರವಾಗಿಲ್ಲ. ನೀವು ಕೊಟ್ಟಾಗಲೇ ಬೈಂಡಿಂಗ್ ಬಿಟ್ಟಿತ್ತು. 180 ಕೊಟ್ಟು ಹೊಲಿಸಿದೀನಿ, ಅದು ಯಾರು ಕೊಡ್ತಾರೆ?

ಗಿರಿ ಫೈಟರ್:
ಮಂತ್ರಗಳ ಪುಟಕ್ಕೆ ಕಾಫಿ ಚೆಲ್ಲಿದ್ದು ಯಾರು? ಅದಕ್ಕೆ ಎಷ್ಟು ಮುರ್ಕೊಳ್ಳಲಿ?

5ಇ ಸಾಕು:
ನೋಡಿದ್ರಾ, ಪಾಯಿಂಟ್ ಆಡೋರು ಎಲ್ಲದಕ್ಕೂ ಲೆಕ್ಕ.

ಬೇಲೂರು ಚುಕ್ಕಿ:
ನೀವು ಸುಮ್ನಿರಿ. ದಂಡೆ ಅವರೇ, ಆ 24 ಸ್ಕಿಲ್‌ನ ಪಟ್ಟಿ ಇಲ್ಲಿ ಹಾಕಿ, ಸೇರಿಸೋದು ಸೇರಿಸಿದ ಮೇಲೆ ಪಾಯಿಂಟ್ ಮಾತಾಡೋಣ.

ಮಂಜರಾಬಾದ್ ಮಳೆ:
ಭಾನುವಾರ ಹಾಸನಕ್ಕೆ ಬರ್ತಿದೀನಿ, ಪುಸ್ತಕ ತರ್ತೀನಿ. 180 ಚಿಲ್ಲರೆ ಇಟ್ಕೊಂಡಿರಿ.