ಅಪ್‌ಡೇಟ್: ಇರಾನಿನ ಕೆಂಪು ಮಣಿಸರ ನಿಜವಾಗಿ ಹಳೆಯದಾ?

ಹೋದ ತಿಂಗಳು ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ: ಅಣ್ಣ ದುಬೈನಿಂದ ತಂದ ಬಿಳಿ ಗೆರೆಯ ಕಾರ್ನೀಲಿಯನ್ (ಕೆಂಪು ಬಣ್ಣದ ಕಲ್ಲು) ಸರ, ಮಾರಿದವರು ಹೇಳಿದಂತೆ 2500 ವರ್ಷ ಹಳೆಯ ಪರ್ಷಿಯನ್ ಸರವೇ ಅಂತ. ಉತ್ತರ ಸಿಕ್ಕಿತು. ಅಲ್ಲ.

ನೀವು ಹೇಳಿದ ಹಾಗೆ ಮೊದಲು ಭೂತಗನ್ನಡಿ ಹಿಡಿದು ತೂತು ನೋಡಿದೆ. ಹಳೆಯ ಮಣಿಗಳನ್ನು ಸಾಮಾನ್ಯವಾಗಿ ಎರಡೂ ಕಡೆಯಿಂದ ಕೊರೆಯುತ್ತಿದ್ದರು, ಹಾಗಾಗಿ ನಡುವೆ ತೂತು ಸ್ವಲ್ಪ ತಪ್ಪಿರುತ್ತದೆ. ದಾರ ಉಜ್ಜಿ ಉಜ್ಜಿ ಬಾಯಿ ಸವೆದಿರುತ್ತದೆ. ನಮ್ಮದರಲ್ಲಿ ತೂತು ಈ ತುದಿಯಿಂದ ಆ ತುದಿಗೆ ಒಂದೇ ಅಳತೆ, ಅಂಚು ಇನ್ನೂ ಚೂಪು.

ಆಮೇಲೆ ಹತ್ತಿಗೆ ನೈಲ್ ಪಾಲಿಶ್ ರಿಮೂವರ್ ಹಾಕಿ ಒಂದು ಮಣಿ ಒರೆಸಿದೆ. ಬಿಳಿ ಗೆರೆ ಹತ್ತಿಗೇ ಬಂತು! ಬರೀ ಬಣ್ಣ. ನಿಜವಾದ ಕೆಲಸದಲ್ಲಿ ಕಲ್ಲಿನ ಮೇಲೆ ಕ್ಷಾರದ ದ್ರಾವಣದಿಂದ ಗೆರೆ ಬರೆದು ಸುಡುತ್ತಾರೆ. ಬಿಳುಪು ಕಲ್ಲಿನೊಳಗೇ ಇಳಿಯುತ್ತದೆ, ಒರೆಸಿದರೆ ಹೋಗಲ್ಲ.

ಓದುತ್ತಾ ಹೋದಾಗ ನನಗೆ ತುಂಬಾ ಖುಷಿ ಕೊಟ್ಟದ್ದು ಇನ್ನೊಂದು ವಿಷಯ. ಇರಾನಿನ ಪುರಾತನ ನಗರ ಸೂಸಾದಲ್ಲಿ ಸಿಕ್ಕ ಇಂಥ ಗೆರೆಮಣಿಗಳಲ್ಲಿ ಕೆಲವು ಸಿಂಧೂ ಕಣಿವೆಯವರ ಕೈಕೆಲಸ. ಸುಮಾರು 4000 ವರ್ಷಗಳ ಹಿಂದೆಯೇ ಅಷ್ಟು ದೂರ ಹೋಗಿದ್ದವು. ಅದೇ ಸೂಸಾದಲ್ಲಿ 1901ರಲ್ಲಿ ತೆರೆದ ಸಮಾಧಿಯ ಒಡವೆಗಳಲ್ಲಿ ಕಾರ್ನೀಲಿಯನ್, ಲ್ಯಾಪಿಸ್ (ಕಡು ನೀಲಿ ಕಲ್ಲು), ಟರ್ಕಾಯಿಸ್ (ನೀಲಿ-ಹಸಿರು ಕಲ್ಲು) ಮೂರೂ ಇವೆ. ಈಗ ಅವು ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿವೆ.

ಅಣ್ಣನಿಗೆ ಬೇಜಾರಾಯಿತು. ಆದರೆ ನಿಜವಾದ ಪುರಾತನ ವಸ್ತುವಾಗಿದ್ದರೆ ಇರಾನಿನಿಂದ ಹೊರಗೆ ತರುವುದೇ ಕಾನೂನುಬಾಹಿರ, ಅಲ್ವಾ? ಅಮ್ಮ ಮಾತ್ರ ಸರವನ್ನು ಇಷ್ಟಪಟ್ಟು ದಿನಾ ಹಾಕಿಕೊಳ್ಳುತ್ತಿದ್ದಾರೆ.